ಸಹಾಯ ಬೇಕು: 52ರಲ್ಲಿ ಸ್ಕೂಟರ್ ಕಲಿಯುವ ಧೈರ್ಯ

ಎಲ್ಲರಿಗೂ ನಮಸ್ಕಾರ. ನನಗೆ 52 ವರ್ಷ, ಶಿವಮೊಗ್ಗ ಜಿಲ್ಲೆಯ ಸಾಗರದ ಸಮೀಪದ ಹಳ್ಳಿಯಲ್ಲಿ ವಾಸ. ಇಷ್ಟು ಕಾಲ ಬಸ್ಸಿಗೋ ಯಜಮಾನರ ಬೈಕಿಗೋ ಕಾಯುತ್ತಲೇ ಇದ್ದ ನಾನು, ಮಗಳ ಒತ್ತಾಯಕ್ಕೆ ಮಣಿದು ಎಲ್‌ಎಲ್‌ಆರ್ (ಗಾಡಿ ಕಲಿಯುವವರ ಪರವಾನಗಿ) ಮಾಡಿಸಿಕೊಂಡು ನಾಲ್ಕು ತಿಂಗಳಾಯಿತು. ಅದರ ಅವಧಿ 6 ತಿಂಗಳು ಮಾತ್ರ. 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದಿತ್ತು, ಆದರೆ ನಾನಿನ್ನೂ ಶಾಲೆಯ ಮೈದಾನವನ್ನೇ ದಾಟಿಲ್ಲ.

ನೇರವಾಗಿ ಓಡಿಸಬಲ್ಲೆ. ತಿರುವು ಬಂದೊಡನೆ ಎಡಗೈ ಬ್ರೇಕಿನ ಮೇಲೆ ಬಿಗಿಯುತ್ತದೆ, ಬಲಗೈ ನನಗೆ ಅರಿವಿಲ್ಲದೆಯೇ ಆಕ್ಸಿಲರೇಟರ್ ತಿರುಗಿಸಿಬಿಡುತ್ತದೆ, ಎರಡೂ ಕಾಲುಗಳು ನೆಲ ಹುಡುಕುತ್ತವೆ. ಕಳೆದ ತಿಂಗಳು ಹೀಗೆಯೇ ಬೇಲಿಗೆ ನುಗ್ಗಿ ಮೊಣಕೈ ತರಚಿತು. ಗಾಯವೇನೋ ವಾರದಲ್ಲಿ ಮಾಯಿತು, ಆದರೆ ಅಲ್ಲಿ ಆಡುತ್ತಿದ್ದ ಹುಡುಗರ ನಗು ಇನ್ನೂ ಕಿವಿಯಲ್ಲಿದೆ. (ನನಗೆ ಸೈಕಲ್ಲೂ ಬಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.)

ನಡುವಯಸ್ಸು ದಾಟಿದ ಮೇಲೆ ಗಾಡಿ ಕಲಿತವರು ಇಲ್ಲಿದ್ದರೆ, ಮೊದಲು ಸೈಕಲ್ ಕಲಿತು ಬ್ಯಾಲೆನ್ಸ್ ಸಾಧಿಸುವುದು ಮೇಲೋ ಅಥವಾ ಸ್ಕೂಟರನ್ನೇ ಮುಂದುವರಿಸುವುದು ಸರಿಯೋ, ಪರೀಕ್ಷೆಯಲ್ಲಿ ಕಾಲೂರದೆ 8ರ ಆಕಾರದಲ್ಲಿ ಸುತ್ತುವ ಅಭ್ಯಾಸವನ್ನು ನೀವು ಹೇಗೆ ಮಾಡಿಕೊಂಡಿರಿ ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ. ರಸ್ತೆಗಿಳಿದ ಮೊದಲ ದಿನ ಎದುರಿಗೆ ಬಸ್ಸು ಬಂದಾಗ ಏನು ಮಾಡಿದಿರಿ ಎಂಬುದನ್ನೂ ಬರೆಯಿರಿ. "ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ" ಎಂಬ ಮಾತನ್ನು ಮನೆಯಲ್ಲೇ ಬೇಕಾದಷ್ಟು ಕೇಳಿಯಾಗಿದೆ. ಸಾಗರದ ಆಸುಪಾಸಿನಲ್ಲಿ ಹೆಂಗಸರಿಗೆ ತಾಳ್ಮೆಯಿಂದ ಕಲಿಸುವ ಮಹಿಳಾ ತರಬೇತುದಾರರಿದ್ದರೆ ಅದನ್ನೂ ಸೂಚಿಸಬೇಕೆಂದು ವಿನಂತಿ.