ಮಾನಿಟರ್ 34, ಎಬಿಜಿ 52: ಯಾವುದನ್ನು ನಂಬಲಿ?

ಪ್ರಶ್ನೆ (ಡ್ಯೂಟಿ ಡಾಕ್ಟರ್, ಕೊಪ್ಪಳ): ನಮ್ಮ ಎಮರ್ಜೆನ್ಸಿಗೆ ಹೊಸದಾಗಿ ಕ್ಯಾಪ್ನೋಗ್ರಾಫ್ (ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಮಾನಿಟರ್) ಬಂದಿದೆ. ಮೊನ್ನೆ ವೆಂಟಿಲೇಟರ್‌ನಲ್ಲಿದ್ದ ಒಬ್ಬರಿಗೆ ಉಸಿರಿನ ಕಾರ್ಬನ್ ಡೈಆಕ್ಸೈಡ್ 34 mmHg ತೋರಿಸುತ್ತಿತ್ತು. ನಾರ್ಮಲ್ ಹತ್ತಿರ, 35ರಿಂದ 45 ಅಲ್ವಾ? ಎಬಿಜಿ (ಅಪಧಮನಿ ರಕ್ತದಲ್ಲಿನ ಅನಿಲಗಳ ಪರೀಕ್ಷೆ) ಮಾಡಿದರೆ 52! ಬಳಸಿದವರು ಹೇಳಿ.

ಉತ್ತರ (ಅರಿವಳಿಕೆ ವೈದ್ಯ, ಬಳ್ಳಾರಿ): ಎರಡನ್ನೂ ನಂಬಿ ಮೇಡಂ. ಒಂದು ರಕ್ತದ ಲೆಕ್ಕ, ಇನ್ನೊಂದು ಉಸಿರಿನ ಲೆಕ್ಕ. ಶ್ವಾಸಕೋಶ, ರಕ್ತದ ಓಡಾಟ ಎರಡೂ ಸರಿಯಿದ್ದರೆ ಮಾನಿಟರ್ ಎಬಿಜಿಗಿಂತ 2ರಿಂದ 5 ಕಡಿಮೆ ತೋರಿಸುತ್ತದೆ. ಬಿಪಿ ಬಿದ್ದರೆ ಶ್ವಾಸಕೋಶಕ್ಕೆ ರಕ್ತ ಸರಿಯಾಗಿ ಬರುವುದಿಲ್ಲ. ಗಾಳಿ ಸುಮ್ನೆ ಹೋಗಿ ಬರುತ್ತದೆ, ಎರಡರ ಅಂತರ ಹಿಗ್ಗುತ್ತದೆ. ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಹಾಳಾದವರಲ್ಲೂ ಹೀಗೇ. ನಿಮ್ಮ ರೋಗಿಗೆ ಬಿಪಿ ಎಷ್ಟಿತ್ತು? ಅದನ್ನೇ ಬರೆದಿಲ್ಲವಲ್ಲ!

ನಾನೂ ಒಮ್ಮೆ ಎಡವಿದ್ದೇನೆ. ಬೈಕಿನಿಂದ ಬಿದ್ದ ಹುಡುಗ, ತಲೆಗೆ ಪೆಟ್ಟು. ಮಾನಿಟರ್ 36 ಅಂದಿತು, ನಾನು ನಿಶ್ಚಿಂತೆಯಿಂದ ಸ್ಕ್ಯಾನ್‌ಗೆ ಫೋನ್ ಮಾಡುತ್ತಾ ನಿಂತೆ. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು, ಬಿಪಿ 80. ಎಬಿಜಿ ನೋಡಿದರೆ 55. ಕಾರ್ಬನ್ ಡೈಆಕ್ಸೈಡ್ ಏರಿದರೆ ಮಿದುಳಿನ ರಕ್ತನಾಳ ಹಿಗ್ಗಿ ತಲೆಯೊಳಗಿನ ಒತ್ತಡ ಏರುತ್ತದೆ. ಗಾಬರಿಯಲ್ಲಿ ತೀರಾ ಇಳಿಸಿದರೆ ನಾಳ ಕುಗ್ಗಿ ಮಿದುಳಿಗೆ ರಕ್ತವೇ ಸಾಲುವುದಿಲ್ಲ. ಅಂದಿನಿಂದ ವೆಂಟಿಲೇಟರ್‌ಗೆ ಹಾಕಿದ 20 ನಿಮಿಷದ ನಂತರ ಒಂದು ಎಬಿಜಿ ಮಾಡಿಸಿ, ಅಂತರವನ್ನು ಕೇಸ್ ಶೀಟ್ ಮೇಲೆ ದಪ್ಪಗೆ ಬರೆಯುತ್ತೇನೆ. ಬಿಪಿ ಬದಲಾದರೆ ಆ ಲೆಕ್ಕ ರದ್ದು, ಇನ್ನೊಂದು ಎಬಿಜಿ.

ಸಕ್ಕರೆ ಕಾಯಿಲೆ ಕೈಮೀರಿ ರಕ್ತ ಆಮ್ಲವಾದವರಿಗೆ ಮಾತ್ರ 40ಕ್ಕೆ ತರಲು ಹೋಗಬೇಡಿ. ಜೋರಾಗಿ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ಹೊರಹಾಕಿಯೇ ಅವರು ಅಲ್ಲಿವರೆಗೆ ಬದುಕಿರುತ್ತಾರೆ.

ಉತ್ತರ (ಸ್ಟಾಫ್ ನರ್ಸ್, ಸಿಂಧನೂರು): ನಂಬರಿಗಿಂತ ಮೊದಲು ಪ್ರತಿ ಉಸಿರಿಗೂ ಮಾನಿಟರ್ ಬಿಡಿಸುವ ಗೆರೆ ನೋಡಿ ಮೇಡಂ. ನಮ್ಮ ಭತ್ತದ ಸೀಮೆಯಲ್ಲಿ ಗದ್ದೆಗೆ ಹೊಡೆಯುವ ಎಣ್ಣೆ (ಕೀಟನಾಶಕ) ಕುಡಿದು ಬರುವವರು ಜಾಸ್ತಿ. ಉಸಿರ್ನಾಳಕ್ಕೆ ಹಾಕಿದ ಟ್ಯೂಬ್ ತುಂಬ ನೊರೆ. ಉಸಿರಿನ ಗಾಳಿಯನ್ನು ಮಾನಿಟರಿಗೆ ಒಯ್ಯುವ ಸಣ್ಣ ಕೊಳವೆ, ಅಂದರೆ ಸ್ಯಾಂಪ್ಲಿಂಗ್ ಲೈನ್, ಕಟ್ಟಿಕೊಂಡು ಗೆರೆಯೇ ಮಾಯ. ಹಾಗಂತ ಮೊದಲು ಲೈನ್ ಹುಡುಕಬೇಡಿ. ಎದೆ ಏಳುತ್ತಿದೆಯಾ, ಟ್ಯೂಬ್ ಜಾರಿದೆಯಾ ನೋಡಿ. ಬೇರೆ ರುಜುವಾತು ಸಿಗುವವರೆಗೆ ಟ್ಯೂಬ್ ಜಾಗದಲ್ಲಿಲ್ಲ ಅಂತಲೇ ತಿಳಿಯಬೇಕು. ಲೈನ್ ಆಮೇಲೆ. ಅದರ ಕನೆಕ್ಟರ್ ಮೇಲ್ಮುಖವಾಗಿರಲಿ, ನೀರು ಇಳಿಯುವುದಿಲ್ಲ. ಗೆರೆಯ ಮುಂಭಾಗ ನೆಟ್ಟಗೆ ಏಳದೆ ಇಳಿಜಾರಾದರೆ ಉಸಿರ್ನಾಳ ಬಿಗಿದಿರಬಹುದು, ಡಾಕ್ಟರ್‌ನ ಕೂಗಿ.

ಉತ್ತರ (ಆಂಬುಲೆನ್ಸ್ ಟೆಕ್ನಿಷಿಯನ್, ರಾಯಚೂರು): ಗಾಡಿಯಲ್ಲಿ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಒತ್ತುವಾಗ ನನ್ನ ಕೈ ತಾನಾಗಿ ಓಡುತ್ತದೆ, ಕಾರ್ಬನ್ ಡೈಆಕ್ಸೈಡ್ ತೀರಾ ಇಳಿಯುತ್ತದೆ. ಒಮ್ಮೆ ನಂಬರ್ 22ಕ್ಕೆ ಇಳಿದಿತ್ತು. ಈಗ ಬಾಯಲ್ಲಿ ಎಣಿಸುತ್ತೇನೆ, 6 ಸೆಕೆಂಡಿಗೆ ಒಂದು. ಡ್ರೈವರಣ್ಣ ನಗುತ್ತಾನೆ.

ಕೇಳಿದವರು: ಬಿಪಿ 84 ಇತ್ತು ಸರ್. ಸಿಸ್ಟರ್, ಈಗಷ್ಟೇ ಹೋಗಿ ನೋಡಿದೆ. ನಮ್ಮ ಕನೆಕ್ಟರ್ ಕೆಳಮುಖವಾಗಿಯೇ ಇತ್ತು.