ಇಡ್ಲಿ ಹಿಟ್ಟಿಗೆ ಗ್ರೈಂಡರ್ ಬೇಕೇ, ಮಿಕ್ಸಿ ಸಾಕೇ: ಬಳಸಿದವರ ಅನುಭವ

ಪ್ರಶ್ನೆ, ಹಾಸನದಿಂದ

ಮನೆಯಲ್ಲಿ ನಾವು ನಾಲ್ವರು. ವಾರಕ್ಕೆರಡು ಸಲ ಇಡ್ಲಿಗೋ ದೋಸೆಗೋ ರುಬ್ಬುತ್ತೇವೆ. ಮಿಕ್ಸಿಯಲ್ಲಿ ರುಬ್ಬಿದ ಹಿಟ್ಟಿನ ಇಡ್ಲಿ ಗಟ್ಟಿಯಾಗುತ್ತದೆ, ಅರ್ಧದಲ್ಲಿ ಮಿಕ್ಸಿಯೂ ಕಾದು ನಿಂತುಬಿಡುತ್ತದೆ. ಅಡುಗೆಮನೆ ಚಿಕ್ಕದು. ಟೇಬಲ್‌ಟಾಪ್ ಗ್ರೈಂಡರ್ ಕೊಳ್ಳುವುದೇ, ಡ್ರಮ್ಮನ್ನು ಬಗ್ಗಿಸಿ ಹಿಟ್ಟು ಸುರಿಯುವ ಟಿಲ್ಟಿಂಗ್ ಕೊಳ್ಳುವುದೇ, ಅಥವಾ ಹೆಚ್ಚು ವ್ಯಾಟಿನ ಮಿಕ್ಸಿಯೇ ಸಾಕೇ? ಅಂಗಡಿಯವರ ಮಾತು ಕೇಳಿದ್ದಾಗಿದೆ. ಬಳಸಿದವರು ಇದ್ದದ್ದನ್ನು ಇದ್ದಂತೆ ತಿಳಿಸಬೇಕಾಗಿ ಕೋರುತ್ತೇನೆ.

ಶಿವಮೊಗ್ಗದಿಂದ

ಹೆಚ್ಚು ವ್ಯಾಟಿನ ಮಿಕ್ಸಿ ಕೊಂಡರೆ ಅದು ನಿಂತುಬಿಡುವ ತೊಂದರೆ ತಪ್ಪಬಹುದು, ಇಡ್ಲಿ ಗಟ್ಟಿಯಾಗುವುದು ಮಾತ್ರ ಅಷ್ಟರಿಂದಲೇ ತಪ್ಪುವುದಿಲ್ಲ. ಮಿಕ್ಸಿಯ ಬ್ಲೇಡು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ಬೇಳೆಯನ್ನು ಕತ್ತರಿಸುತ್ತದೆ, ಆ ರಭಸಕ್ಕೆ ಹಿಟ್ಟು ಬಿಸಿಯಾಗುತ್ತದೆ. ಗ್ರೈಂಡರಿನಲ್ಲಾದರೋ ಕಲ್ಲುಗಳು ನಿಧಾನವಾಗಿ ಉರುಳುತ್ತ ಬೇಳೆಯನ್ನು ಅರೆಯುವುದರಿಂದ ಉದ್ದಿನ ಲೋಳೆ ಪೂರ್ತಿಯಾಗಿ ಬಿಟ್ಟುಕೊಂಡು, ಅದರೊಳಗೆ ಗಾಳಿ ಸೇರುತ್ತ ಹೋಗುತ್ತದೆ. ಹಿಟ್ಟು ಹುದುಗುವಾಗ ಹುಟ್ಟುವ ಅನಿಲವನ್ನು ಹಿಡಿದಿಟ್ಟುಕೊಳ್ಳುವುದೂ ಈ ಲೋಳೆಯೇ. ಅರ್ಧ ಗಂಟೆ ರುಬ್ಬಿದ ಮೇಲೆ ಒಂದು ಹನಿಯನ್ನು ನೀರಿಗೆ ಬಿಟ್ಟು ನೋಡಿ. ತೇಲಿದರೆ ಆಯಿತೆಂದು ತಿಳಿಯಿರಿ. ಮಿಕ್ಸಿಯಲ್ಲೂ ತಣ್ಣೀರು ಹಾಕಿ, ನಡುನಡುವೆ ನಿಲ್ಲಿಸುತ್ತ ರುಬ್ಬಿದರೆ ಸುಮಾರಾಗಿ ಬರುತ್ತದೆ, ಆದರೆ ಗ್ರೈಂಡರಿನಷ್ಟು ಹಿಟ್ಟು ಒದಗುವುದಿಲ್ಲ.

ಅಕ್ಕಿಗೆ ಇದಾವುದೂ ಬೇಕಿಲ್ಲ. ಇಡ್ಲಿಗೆ ಅಕ್ಕಿ ತರಿತರಿಯಾಗಿದ್ದರೇ ಚೆನ್ನ, ಅದನ್ನು ಮಿಕ್ಸಿ ಕೆಲವೇ ನಿಮಿಷಗಳಲ್ಲಿ ಮಾಡಿಕೊಡುತ್ತದೆ. ಆದ್ದರಿಂದ ನಮ್ಮಲ್ಲಿ ಉದ್ದನ್ನು ಮಾತ್ರ ಗ್ರೈಂಡರಿಗೆ ಹಾಕಿ, ಅದು ತಿರುಗುತ್ತಿರುವಾಗಲೇ ಅಕ್ಕಿಯನ್ನು ಮಿಕ್ಸಿಯಲ್ಲಿ ತಿರುವಿಕೊಳ್ಳುತ್ತೇವೆ. ಅಕ್ಕಿರವೆ ಬೆರೆಸುವವರಿಗೆ ಆ ಕೆಲಸವೂ ಇಲ್ಲ. ಹೀಗೆ ಮಾಡುವುದಾದರೆ ನಾಲ್ವರ ಮನೆಗೆ ಎರಡು ಲೀಟರಿನ ಟೇಬಲ್‌ಟಾಪ್ ಧಾರಾಳವಾಯಿತು. ಅದಕ್ಕಿಂತ ದೊಡ್ಡದನ್ನು ಕೊಂಡರೆ ಸ್ವಲ್ಪ ಬೇಳೆ ಹಾಕಿದಾಗ ಅದು ಕಲ್ಲಿಗೇ ಸಿಗದೆ ಅಂಚಿನಲ್ಲಿ ಅಂಟಿಕೊಂಡಿರುತ್ತದೆ. ಕರೆಂಟಿನ ಖರ್ಚಿಗೆ ಹೆದರಬೇಕಾಗಿಲ್ಲ. 150 ವ್ಯಾಟಿನ ಗ್ರೈಂಡರು ಅರ್ಧ ಗಂಟೆ ತಿರುಗಿದರೂ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗದಷ್ಟೂ ಆಗುವುದಿಲ್ಲ.

ಅಂಗಡಿಯಲ್ಲಿ ಯಾರೂ ಬಾಯಿ ಬಿಡದ ವಿಷಯವೆಂದರೆ ತೊಳೆಯುವುದು. ಡ್ರಮ್ಮಿನ ತಳದಲ್ಲೂ ಕಲ್ಲಿರುವುದರಿಂದ ಅದು ಭಾರ, ಸಿಂಕು ಚಿಕ್ಕದಾದರೆ ಅದರೊಳಗೆ ತಿರುಗಿಸುವುದೂ ಕಷ್ಟ. ಹಿಟ್ಟು ಬಳಿದು ತೆಗೆದ ಕೂಡಲೇ ಒಂದು ಲೋಟ ನೀರು ಹಾಕಿ ಒಂದು ನಿಮಿಷ ತಿರುಗಿಸಿದರೆ ಮುಕ್ಕಾಲು ಪಾಲು ಕೆಲಸ ಮುಗಿಯುತ್ತದೆ, ಆ ನೀರನ್ನು ದೋಸೆ ಹಿಟ್ಟಿಗೇ ಸೇರಿಸಿಕೊಳ್ಳಬಹುದು. ಆಮೇಲೆ ತೊಳೆದರಾಯಿತೆಂದು ಬಿಟ್ಟರೆ ಉದ್ದಿನ ಹಿಟ್ಟು ಒಣಗಿ, ಉಜ್ಜಿದರೂ ಬಿಡದಂತೆ ಕೂತುಬಿಡುತ್ತದೆ. ಮನೆಯಲ್ಲಿ ಇದನ್ನು ತೊಳೆಯುವವರು ಯಾರೋ, ಗ್ರೈಂಡರನ್ನು ಆರಿಸುವ ಹಕ್ಕು ಅವರಿಗೇ ಇರಬೇಕೆಂಬುದು ನನ್ನ ಅಭಿಪ್ರಾಯ. ಜೊತೆಗೆ ಕೊಡುವ ಕಾಯಿ ತುರಿಯುವ ಬಿಡಿಭಾಗ ಮತ್ತು ಚಪಾತಿ ಹಿಟ್ಟು ಕಲಸುವ ಬಿಡಿಭಾಗಗಳಿಗಾಗಿ ಹೆಚ್ಚು ಹಣ ತೆರಬೇಡಿ. ಅವುಗಳನ್ನು ಜೋಡಿಸಿ, ಬಿಚ್ಚಿ, ತೊಳೆಯುವಷ್ಟರಲ್ಲಿ ತುರಿಮಣೆಯಲ್ಲಿ ಎರಡು ಕಾಯಿ ತುರಿದು ಮುಗಿದಿರುತ್ತದೆ. ಒಂದು ಹಿಡಿ ಕಾಯಿಯ ಚಟ್ನಿಗೂ ಗ್ರೈಂಡರ್ ಒದಗದು, ಹಾಗಾಗಿ ಮಿಕ್ಸಿ ಹೇಗೂ ಇರಲೇಬೇಕು.

ಪುತ್ತೂರಿನಿಂದ

ಟಿಲ್ಟಿಂಗ್ ಗ್ರೈಂಡರಿನ ಪರವಾಗಿಯೂ ಒಂದು ಮಾತಿರಲಿ. ನಮ್ಮದು ಕೂಡುಕುಟುಂಬ, ದಿನವೂ ಕಾಯಿ ಹಾಕಿ ಮಸಾಲೆ ಅರೆಯುವ ಮನೆ. ಹಿಟ್ಟಿನ ಭಾರ ಹೆಚ್ಚಿದ್ದಾಗ ಡ್ರಮ್ಮನ್ನು ಎತ್ತದೆ ಬಗ್ಗಿಸಿ ಸುರಿಯುವ ಅನುಕೂಲ ದೊಡ್ಡದು. ಆದರೆ ಅದು ಒಂದೇ ಕಡೆ ನೆಲೆಯಾಗಿ ಕೂರುವ ವಸ್ತು, ಬಳಸಿದಾಗಲೆಲ್ಲ ಕಪಾಟಿನಿಂದ ತೆಗೆದು ಇಡುವಂಥದ್ದಲ್ಲ. ನಾಲ್ವರಿರುವ ಚಿಕ್ಕ ಅಡುಗೆಮನೆಗೆ ನಾನು ಹೇಳಲಾರೆ. ನೀರುದೋಸೆಗೆ ಉದ್ದೇ ಇಲ್ಲವಾದ್ದರಿಂದ, ಇಷ್ಟು ದೊಡ್ಡ ಗ್ರೈಂಡರ್ ಇದ್ದರೂ ನಾವು ಅದಕ್ಕೆ ಮಿಕ್ಸಿಯನ್ನೇ ಬಳಸುತ್ತೇವೆ.

ಅಮೆರಿಕದ ನ್ಯೂಜೆರ್ಸಿಯಿಂದ

ಊರಿನಿಂದ ಗ್ರೈಂಡರ್ ಹೊತ್ತು ತರುವ ಯೋಚನೆಯಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಭಾರತದ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಇಲ್ಲಿಯದು 120 ವೋಲ್ಟ್, 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಸರಿಪಡಿಸುತ್ತದೆಯೇ ಹೊರತು ಹರ್ಟ್ಸನ್ನು ಬದಲಿಸುವುದಿಲ್ಲ, ಆದ್ದರಿಂದ ಗ್ರೈಂಡರಿನ ಮೋಟಾರು ಇಲ್ಲಿ ತನ್ನ ಸಹಜ ವೇಗಕ್ಕಿಂತ ಜೋರಾಗಿ ತಿರುಗುತ್ತದೆ. ಇಲ್ಲಿಯ ವಿದ್ಯುತ್ತಿಗೆಂದೇ ತಯಾರಾದ ಗ್ರೈಂಡರುಗಳು ಭಾರತೀಯ ಅಂಗಡಿಗಳಲ್ಲಿ ಸಿಗುವಾಗ, ಕಲ್ಲಿನ ಭಾರಕ್ಕೆ ಲಗೇಜಿನ ಹಣ ತೆರುವುದರಲ್ಲಿ ಅರ್ಥವಿಲ್ಲ.

ಮೈಸೂರಿನಿಂದ, ಗೃಹೋಪಯೋಗಿ ಯಂತ್ರಗಳ ದುರಸ್ತಿ ಮಾಡುವವರು

ಶಿವಮೊಗ್ಗದವರು ಹೇಳಿದ್ದನ್ನು ಒಪ್ಪುತ್ತೇನೆ. ನನ್ನ ಬಳಿಗೆ ಬರುವ ಗ್ರೈಂಡರುಗಳಲ್ಲಿ ಮೋಟಾರು ಸುಟ್ಟವು ಕಡಿಮೆ. ಬೆಲ್ಟು ಸಡಿಲವಾದವು, ಮೋಟಾರಿಗೆ ಚಾಲನೆ ಕೊಡುವ ಕೆಪಾಸಿಟರ್ ಹೋದವು, ಕಲ್ಲಿನ ನಡುವೆ ಅಚ್ಚು ಕೂರುವ ಕೊಳವೆ, ಅಂದರೆ ಬುಷ್, ಸವೆದವು ಹೆಚ್ಚು. ಸ್ವಿಚ್ ಹಾಕಿದಾಗ ಮೋಟಾರು ಗುಂಯ್ಗುಡುತ್ತ ಡ್ರಮ್ಮು ತಿರುಗದೆ ನಿಂತರೆ ಕೂಡಲೇ ಆರಿಸಿಬಿಡಿ. ಅದು ಬಹುಮಟ್ಟಿಗೆ ಕೆಪಾಸಿಟರಿನ ದೋಷವಾಗಿರುತ್ತದೆ ಅಥವಾ ವೋಲ್ಟೇಜು ಬಿದ್ದಿರುತ್ತದೆ, ಹಾಗೆಯೇ ಬಿಟ್ಟರೆ ಮಾತ್ರ ಮೋಟಾರು ಸುಡುತ್ತದೆ. ಗಟ್ಟಿ ಹಿಟ್ಟಿನಲ್ಲಿ ಡ್ರಮ್ಮು ಜಾರಿ ಜಾರಿ ತಿರುಗಿದರೆ ಬೆಲ್ಟು ನೋಡಬೇಕು. ಬೇಳೆ ಹಾಕದೆ ಒಣಗಲ್ಲನ್ನು ತಿರುಗಿಸಬೇಡಿ, ಕಲ್ಲಿಗೆ ಕಲ್ಲು ಉಜ್ಜಿ ಪುಡಿ ಏಳುತ್ತದೆ. ಹೊಸದನ್ನು ತಂದಾಗ ಮೊದಲ ಒಂದೆರಡು ಸಲ ನೆನೆಸಿದ ಅಕ್ಕಿಯನ್ನು ರುಬ್ಬಿ ಚೆಲ್ಲುವುದು ಈ ಪುಡಿ ಹೋಗಲೆಂದೇ.

ಗುಂಡು ಎರಡೇ, ಮೂರೇ, ಅವುಗಳ ಆಕಾರ ಯಾವುದು ಎಂಬುದರ ಬಗ್ಗೆ ಜಾಹೀರಾತುಗಳಲ್ಲಿ ಬಹಳ ಹೇಳುತ್ತಾರೆ. ಹಿಟ್ಟಿನಲ್ಲಿ ಅಷ್ಟು ವ್ಯತ್ಯಾಸವನ್ನು ನಾನು ಕಂಡಿಲ್ಲ. ಅಂಗಡಿಯಲ್ಲಿ ನೋಡಬೇಕಾದದ್ದು ಬೇರೆ. ಡ್ರಮ್ಮನ್ನು ನೀವೇ ಕೈಯಾರೆ ಎತ್ತಿ ನೋಡಿ, ಖಾಲಿ ಡ್ರಮ್ಮೇ ಭಾರವೆನಿಸಿದರೆ ಹಿಟ್ಟು ತುಂಬಿದಾಗ ಎತ್ತಲಾಗದು. ಹಿಟ್ಟನ್ನು ಪಕ್ಕದಿಂದ ತಳ್ಳುವ ಪಟ್ಟಿ ಡ್ರಮ್ಮಿಗೆ ತಾಗಿಕೊಂಡಿದೆಯೇ ಗಮನಿಸಿ, ಅಲ್ಲಿ ಸಂದು ಇದ್ದರೆ ಅಂಚಿನ ಬೇಳೆ ಅರೆಯದೆ ಉಳಿಯುತ್ತದೆ. ಆ ಮಾದರಿಯ ಬೆಲ್ಟು ಹಾಸನದಲ್ಲೇ ಸಿಗುತ್ತದೆಯೇ ಎಂದು ವಿಚಾರಿಸಿ. ಅಂಗಡಿಯವರು ತರಿಸಿಕೊಡುತ್ತೇವೆ ಎಂದಷ್ಟೇ ಹೇಳಿದರೆ, ಒಂದು ಬೆಲ್ಟನ್ನು ಗ್ರೈಂಡರಿನ ಜೊತೆಗೇ ತರಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ.