ಬಂಪರ್‌ಗೆ ತೂತು ಹಾಕಲು ಟೇಪ್ ಒಂದೇ ಸಾಕೇ?

ಗುಂಪು: ಆಟೋ ಡಿಪ್ಲೊಮಾ 98
ಶುಕ್ರವಾರ

ಮಂಜುನಾಥ, ಬೆ. 7:42
[ಫಾರ್ವರ್ಡ್ ಆದ ವಿಡಿಯೊ: "ಸ್ಟೀಲ್ ಬಂಪರ್‌ಗೆ ಪಾರ್ಕಿಂಗ್ ಸೆನ್ಸರ್, ಬರೀ ಮಾಸ್ಕಿಂಗ್ ಟೇಪ್ ಸಾಕು"]
ನೋಡ್ರಪ್ಪಾ, ಎರಡು ನಿಮಿಷದ ಕೆಲಸ. ನಮ್ಮ ಪಿಕಪ್ ಹಿಂದಿನ ಬಂಪರೂ ಇದೇ ಥರ, 3 ಮಿ.ಮೀ. ಪ್ಲೇಟು, ಕಪ್ಪು ಪೌಡರ್ ಕೋಟಿಂಗ್. 22 ಮಿ.ಮೀ. ತೂತು ನಾಲ್ಕು. ಭಾನುವಾರ ಹೀಗೇ ಮಾಡಿಬಿಡೋಣ ಅಂತ.

ಸಲೀಂ, 7:50
ಬೇಡ ಮಂಜು. 0:48ರಲ್ಲಿ ನಿಲ್ಲಿಸಿ, ದೊಡ್ಡದು ಮಾಡಿ ನೋಡು. ಟೇಪ್ ಕಿತ್ತ ಮೇಲೆ ತೂತಿನ ಸುತ್ತ ಬೆಳ್ಳಗೆ ಒಂದು ಉಂಗುರ ಕಾಣ್ತಿದೆ. ಎಡಗಡೆ ಉಗುರಿನಷ್ಟು ಕೋಟಿಂಗ್ ಎದ್ದು ನಿಂತಿದೆ, ಬೇಯಿಸಿದ ಮೊಟ್ಟೆ ಸಿಪ್ಪೆ ಬಿಟ್ಟುಕೊಂಡ ಹಾಗೆ. ಅವನು ಅದನ್ನ ತೋರಿಸದೆ ಸೆನ್ಸರ್ ಒತ್ತಿ ಕೂರಿಸಿಬಿಟ್ಟ. ಸೆನ್ಸರ್ ಅಂಚು ಗಾಯ ಮುಚ್ಚುತ್ತೆ, ನೀರು ತಡೆಯಲ್ಲ. ಎದ್ದ ಕೋಟಿಂಗ್ ಕೆಳಗೆ ತುಕ್ಕು ಹರಡ್ತಾ ಹೋಗುತ್ತೆ.

ಮಂಜುನಾಥ, 7:53
ಮೂರು ಪದರ ಟೇಪ್ ಹಾಕಿದಾನಲ್ಲ ಮಾರಾಯ. ಇನ್ನೇನು ಬೇಕು?

ಲತಾ, 7:58
ಟೇಪ್ ಇರೋದು ಡ್ರಿಲ್ ಜಾರಿದರೆ ಗೀರು ಬೀಳದೇ ಇರಲಿ ಅಂತ, ಪೆನ್ನಲ್ಲಿ ಗುರುತು ಹಾಕೋಕೆ ಜಾಗ ಸಿಗಲಿ ಅಂತ. ಕೋಟಿಂಗ್ ಏಳೋದನ್ನ ಅದು ತಡೆಯಲ್ಲ. ಪೌಡರ್ ಕೋಟಿಂಗ್ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ ದಪ್ಪ, 180–200 ಡಿಗ್ರಿಯಲ್ಲಿ ಬೇಯಿಸಿದ ಒಂದೇ ಚಿಪ್ಪು. ಹೋಲ್ ಸಾ, ಅಂದ್ರೆ ಡ್ರಿಲ್‌ಗೆ ಸಿಕ್ಕಿಸೋ ದುಂಡು ಗರಗಸದ ಹಲ್ಲು ಕಚ್ಚಿದಾಗ ಆ ಚಿಪ್ಪಿಗೆ ಬಿರುಕು ಬರುತ್ತೆ, ಎಲ್ಲಿ ನಿಲ್ಲಬೇಕು ಅಂತ ಬಿರುಕಿಗೆ ಗೊತ್ತಿಲ್ಲ. ನಿಲ್ಲೋ ಜಾಗ ನಾವೇ ಮೊದಲು ಮಾಡಿಕೊಡಬೇಕು. ಕೋಟಿಂಗನ್ನ ಬೇರೆಯಾಗಿ ಕತ್ತರಿಸಿ, ಆಮೇಲೆ ಲೋಹ ಕತ್ತರಿಸಿ.

ಬಸವರಾಜ, 8:04
ಲತಾ ಅವರು ಹೇಳಿದ್ದು ಖರೆ. ಅದಕಿಂತ ದೊಡ್ಡ ತಪ್ಪು ಸ್ಪೀಡಿನ್ಯಾಗ ಐತಿ. 22ರ ಬೈ-ಮೆಟಲ್ (ಗಟ್ಟಿ ಸ್ಟೀಲಿನ ಹಲ್ಲು ಬೆಸೆದ) ಕಟರ್‌ಗೆ ಮೈಲ್ಡ್ ಸ್ಟೀಲ್‌ನ್ಯಾಗ ಹಲ್ಲಿನ ಓಟ ನಿಮಿಷಕ್ಕ 25 ಮೀಟರ್ ಹಿಡಿದ್ರ ಸುಮಾರು 360 ಆರ್‌ಪಿಎಂ ಬರತೈತಿ. ಅಂವಾ ಡ್ರಿಲ್ಲನ್ನ ಎರಡನೇ ಗೇರ್‌ಗೆ ಹಾಕ್ಯಾನ, 1500ರ ಆಸುಪಾಸು ಓಡಾಕತ್ತೈತಿ. ಅಂದ್ರ ನಿಮಿಷಕ್ಕ 100 ಮೀಟರ್ ದಾಟಿತು. ಹಲ್ಲು ಕಡಿಯೂದ ಬಿಟ್ಟು ಉಜ್ಜತೈತಿ, ಬಿಸಿ ಆಗತೈತಿ, ಕೋಟಿಂಗ್ ಮೆತ್ತಗಾಗಿ ಹಲ್ಲಿಗೆ ಮೆತ್ತಿಕೊಳ್ತೈತಿ. ಹೊಗಿ ಬಂದದ್ದು ನೋಡಿದಿ ಹೌದಿಲ್ಲೊ?

ಮಂಜುನಾಥ, 8:07
ಹೊಗೆ ನೋಡ್ದೆ. ಎಣ್ಣೆ ಇರಬೇಕು ಅಂದ್ಕೊಂಡೆ.

ಬಸವರಾಜ, 8:09
ಎಣ್ಣಿ ಹಾಕೇ ಇಲ್ಲಪಾ ಅಂವಾ. ಇನ್ನೊಂದ ಮಾತು, ಸೆನ್ಸರ್ ಕಿಟ್‌ನ್ಯಾಗ ಬರೂ ಕಟರ್ ಪ್ಲಾಸ್ಟಿಕ್ ಬಂಪರ್‌ಗೆ ಮಾಡಿದ್ದು. 3 ಮಿ.ಮೀ. ಸ್ಟೀಲಿಗೆ ಹಚ್ಚಿದ್ರ ಮೊದಲನೇ ತೂತಿಗೇ ಅದರ ಹಲ್ಲು ಬೋಳಾಗತಾವ. ಬೈ-ಮೆಟಲ್ ಬ್ಯಾರೆ ತಗೋ.

ರಾಘು, 8:20
ಹೋಲ್ ಸಾ ಯಾಕೆ ಬೇಕು? ಪ್ಯಾನಲ್ ಬೋರ್ಡ್ ಮಾಡೋರು ಪೌಡರ್ ಕೋಟ್ ಆದ ಬಾಗಿಲಿಗೆ ಪುಶ್‌ಬಟನ್ ತೂತು ಹೇಗೆ ಹೊಡೀತಾರೆ? ನಾಕ್‌ಔಟ್ ಪಂಚ್, ಅಂದ್ರೆ ಪ್ಲೇಟಿನ ಈ ಕಡೆ ಪಂಚು, ಆ ಕಡೆ ಬಟ್ಟಲು ಇಟ್ಟು, ನಡುವೆ ಸ್ಟಡ್ ಅನ್ನೋ ಬೋಲ್ಟಿನಿಂದ ಎಳೆದು ಕತ್ತರಿಸೋದು. ಬಿಸಿ ಇಲ್ಲ, ಚೂರು ಹಾರಲ್ಲ, ಅಂಚು ಕತ್ತರಿ ಹಾಕಿದ ಹಾಗೆ ಬರುತ್ತೆ. 22.5 ಮಿ.ಮೀ. ಪಂಚ್ ಎಲ್ಲ ಪ್ಯಾನಲ್ ಶಾಪ್‌ನಲ್ಲೂ ಇರುತ್ತೆ, ಪೀಣ್ಯದಲ್ಲಿ ಯಾರನ್ನ ಕೇಳಿದರೂ ಸಿಗುತ್ತೆ. ಮೊದಲು ಸ್ಟಡ್ ದಪ್ಪಕ್ಕೆ ತಕ್ಕ ಹಾಗೆ 10–11 ಮಿ.ಮೀ. ತೂತು, ಆಮೇಲೆ ಸ್ಟಡ್ ತೂರಿಸಿ ಬಿಗಿಯೋದು. 3 ಮಿ.ಮೀ. ಪ್ಲೇಟಿಗೆ ಸ್ಪ್ಯಾನರ್‌ನಲ್ಲಿ ಬಿಗಿಯೋದು ಬೇಡ, ಸ್ಟಡ್ ಥ್ರೆಡ್ ಹೋಗುತ್ತೆ. ಹೈಡ್ರಾಲಿಕ್ ಪಂಪ್ ತಗೊಳ್ಳಿ.

ಬಸವರಾಜ, 8:24
ಪ್ಯಾನಲ್ ಬಾಗಲಾ ಸಪಾಟ ಇರತೈತಿ ರಾಘು. ಬಂಪರ್ ಬಾಗಿದ್ರ ಪಂಚ್ ಹೆಂಗ ಕೂಡತೈತಿ? ಓರಿ ಕೂತು ತೂತು ಮೊಟ್ಟಿ ಆಕಾರ ಆಗತೈತಿ.

ರಾಘು, 8:27
ಬಾಗಿದ್ದರೆ ಬೇಡ, ಒಪ್ತೀನಿ. ಮಂಜು ಬಂಪರ್ ಮಡಚಿದ ಪ್ಲೇಟು, ಮುಖ ಸಪಾಟು. ಅದನ್ನ ನೋಡಿಯೇ ಹೇಳಿದ್ದು. ಇನ್ನೊಂದು: ಪಂಚ್ ಒಳಹೋಗೋ ಕಡೆ ಅಂಚು ಸ್ವಲ್ಪ ಒಳಕ್ಕೆ ಉರುಳುತ್ತೆ, ಬಟ್ಟಲು ಇರೋ ಕಡೆ ಬರ್ (ಚೂಪಾದ ಲೋಹದ ಎಳೆ) ಏಳುತ್ತೆ. ಹಾಗಾಗಿ ಪಂಚ್ ಹೊರಮುಖಕ್ಕೆ, ಬಟ್ಟಲು ಹಿಂದೆ. ಹಿಂದೆ ಬಟ್ಟಲು, ಸಿಲಿಂಡರ್ ಹಿಡಿಸೋಷ್ಟು ಜಾಗ ಬೇಕು, ಅಷ್ಟೇ.

ಸಲೀಂ, 8:31
ಆ 10–11 ಮಿ.ಮೀ. ತೂತು ಹಾಕುವಾಗಲೂ ಕೋಟಿಂಗ್ ಏಳಬಹುದಲ್ಲ ರಾಘು?

ರಾಘು, 8:33
ಎದ್ದರೆ 22.5ರ ಒಳಗಿನ ಚೂರಿನ ಜೊತೆ ಅದೂ ಹೋಗುತ್ತೆ. ಆ ತೂತನ್ನ ಮಾತ್ರ ನಿಧಾನಕ್ಕೆ ಹಾಕಬೇಕು, ಬಿರುಕು ಪಂಚ್ ಗೆರೆ ದಾಟಬಾರದು.

ಮಂಜುನಾಥ, 8:40
ಹೈಡ್ರಾಲಿಕ್ ಬಾಡಿಗೆಗೆ ಹುಡುಕೋದು ಕಷ್ಟ. ಹೋಲ್ ಸಾ ಅಂತಲೇ ಇಟ್ಟುಕೊಂಡರೆ ಮೊದಲಿಂದ ಹೇಳಿ. ಬಸವಣ್ಣ, ಹೋಲ್ ಸಾ ರಿವರ್ಸ್ ತಿರುಗಿಸಿದ್ರೆ ಕೋಟಿಂಗ್ ಏಳಲ್ಲ ಅಂತಾರಲ್ಲ?

ಬಸವರಾಜ, 8:44
ಹೌದು, ಆದ್ರ ಕೋಟಿಂಗ್ ಪೂರ್ತಿ ಕಡಿಯೂತನಕ ಅಷ್ಟ. ರಿವರ್ಸ್ ಹಾಕಿ ಹಗರ್ಕ ಒತ್ತಿದ್ರ ಹಲ್ಲು ಕೆರಿತೈತಿ, ಎಬ್ಬಸೂದಿಲ್ಲ. ನಾಲ್ಕೈದು ಸೆಕೆಂಡು, ಬೂದು ಬಣ್ಣದ ಲೋಹ ಕಂಡ ಕೂಡ್ಲೆ ಮುಂದಕ ತಿರುಗಸು.

ರಾಘು, 8:47
ನನಗದು ಒಪ್ಪಿಗೆ ಇಲ್ಲ. ಹಲ್ಲಿನ ಹಿಂಭಾಗ ಉಜ್ಜಿ ಮೊನೆ ಹೋಗುತ್ತೆ. ನಾಲ್ಕನೇ ತೂತಿಗೆ ಬರೋ ಹೊತ್ತಿಗೆ ಕಟರ್ ಮೊಂಡಾಗಿರುತ್ತೆ. ಮೊಂಡು ಕಟರ್ ಒತ್ತಬೇಕಾಗುತ್ತೆ, ಒತ್ತಿದರೆ ಬಿಸಿ.

ಲತಾ, 8:55
ಇಬ್ಬರೂ ಜಗಳ ಬಿಟ್ಟು ಡಿವೈಡರ್ (ಎರಡೂ ಕಾಲು ಚೂಪಾದ ಕೈವಾರ) ತಗೊಳ್ಳಿ. ಟೇಪ್ ಮೇಲೆ ಸೆಂಟರ್ ಪಂಚ್ (ಗುರುತು ಹಾಕೋ ಮೊನೆ ಉಳಿ) ಹೊಡೆದ ಗುಂಡಿಯಲ್ಲಿ ಒಂದು ಕಾಲಿಟ್ಟು, 11.25 ಮಿ.ಮೀ. ತ್ರಿಜ್ಯಕ್ಕೆ ಇನ್ನೊಂದು ಕಾಲನ್ನ ಐದಾರು ಸುತ್ತು ಗೀರಿ, ಲೋಹ ಕಾಣೋವರೆಗೆ. ಕಾಲಿನ ತುದಿ ಚೂಪಾಗಿರಲಿ, ಕಾರ್ಬೈಡ್ ಆದರೆ ಒಳ್ಳೇದು. ಈ ಗೆರೆ 22ರ ತೂತಿಗಿಂತ ಕಾಲು ಮಿ.ಮೀ. ಹೊರಗೆ ಬರುತ್ತೆ, ಸೆನ್ಸರ್ ಚಾಚು (ಹೊರಗಿನ ಅಗಲ ಅಂಚು) ಅದನ್ನ ಮುಚ್ಚುತ್ತೆ. ಒಳಗಡೆ ಏನೇ ಎದ್ದರೂ ಬಿರುಕು ಆ ಗೆರೆಯಲ್ಲಿ ನಿಲ್ಲುತ್ತೆ. ಪೈಲಟ್ ತೂತು (ನಡುವಿನ ಮೊದಲ ಸಣ್ಣ ತೂತು) ಇದಾದ ಮೇಲೆ ಹಾಕಿ. ಮೊದಲೇ ಹಾಕಿದರೆ ಡಿವೈಡರ್ ಕಾಲಿಗೆ ಆಧಾರ ಇರಲ್ಲ.

ಬಸವರಾಜ, 8:58
ಇದು ಛಲೋ. ರಿವರ್ಸ್ ಬ್ಯಾಡ ಬಿಡ್ರಿ.

ಸಲೀಂ, 9:10
ಸರಿ, ಒಂದೇ ಕಡೆ ಹಾಕ್ತೀನಿ. ಮಂಜು, ಗಾಡಿಯಲ್ಲೇ ಇಟ್ಟು ಮಾಡಬೇಡ. ಬಂಪರ್ ಬಿಚ್ಚಿ ಮೇಜಿನ ಮೇಲೆ ಕಂಬಳಿ ಹಾಸಿ ಮಲಗಿಸು. ನಂಬರ್ ಪ್ಲೇಟ್ ದೀಪದ ವೈರು, ಟೈಲ್ ಲ್ಯಾಂಪ್ ವೈರು ಹಿಂದೇನೇ ಓಡಿರುತ್ತೆ, ಬ್ಯಾಟರಿ ನೆಗೆಟಿವ್ ತೆಗೆದೇ ಬಿಚ್ಚು. ತೂತಿನ ಜಾಗದ ಹಿಂದೆ ಮರದ ತುಂಡು ಕ್ಲಾಂಪ್ ಮಾಡು, ಹೊರಬೀಳೋ ಕಡೆಯ ಕೋಟಿಂಗ್ ಉಳಿಯುತ್ತೆ, ಬರ್ ಕಮ್ಮಿ ಆಗುತ್ತೆ. 3 ಮಿ.ಮೀ. ಪೈಲಟ್ ಜೋರಾಗಿ ಓಡಿಸಬಹುದು, 2000 ದಾಟಿದರೂ ಪರವಾಗಿಲ್ಲ. ಆಮೇಲೆ ಹೋಲ್ ಸಾದ ನಡುವಿನ ಬಿಟ್‌ಗೆ ಎಷ್ಟು ಬೇಕೋ ಅಷ್ಟು ಹಿಗ್ಗಿಸು, ಅಲ್ಲಾಡಬಾರದು. 22ಕ್ಕೆ ಬಂದಾಗ ಮೊದಲನೇ ಗೇರು. ಸ್ವಲ್ಪ ಕಡಿ, ಎತ್ತು, ಚೂರು ಊದು, ಒಂದು ಹನಿ ಕಟಿಂಗ್ ಎಣ್ಣೆ.

ಮಂಜುನಾಥ, 9:13
ಸಿಲಿಕೋನ್ ಸ್ಪ್ರೇ ಇದೆ ಮನೇಲಿ.

ಸಲೀಂ, 9:14
ಅದನ್ನ ಹತ್ತಿರ ತರಬೇಡ. ಎಷ್ಟು ಒರೆಸಿದರೂ ಉಳಿದಿರುತ್ತೆ, ಪ್ರೈಮರ್ ಹಚ್ಚಿದಾಗ ಮೀನಿನ ಕಣ್ಣಿನಂಥ ಗುಂಡಿ ಬೀಳುತ್ತೆ. ಎಣ್ಣೆ ಜಾಸ್ತಿ ಸುರಿದರೂ ಟೇಪ್ ಅಂಟು ಬಿಡುತ್ತೆ, ಹನಿ ಅಂದ್ರೆ ಹನಿ.

ಬಸವರಾಜ, 9:20
ಕಬ್ಬಿಣದ ಪುಡಿ ಅರಿವಿಲೆ ಒರಸಬ್ಯಾಡ, ಕೋಟಿಂಗಿಗೆ ಗೀರ ಬೀಳತಾವ. ಅಯಸ್ಕಾಂತಕ್ಕ ಪ್ಲಾಸ್ಟಿಕ್ ಚೀಲಾ ಹಾಕಿ ಮ್ಯಾಲಿಂದ ಆಡಸು, ಆಮ್ಯಾಲ ಚೀಲಾ ಒಳಗ ಮಗಚಿ ಒಗಿ. ಮಡಚಿದ ಮೂಲಿಯೊಳಗ ಪುಡಿ ಕೂತಿರತೈತಿ, ಅಲ್ಲೆ ತೊಳಿಬೇಕು. ಒಂದ ರಾತ್ರಿ ಇಬ್ಬನಿ ಬಿದ್ರ ಸಾಕು, ಕೆಂಪ ಚುಕ್ಕಿ ಏಳತಾವ. ಗ್ರೈಂಡರ್ ಕಿಡಿ ಇನ್ನೂ ಕೆಟ್ಟದ್ದು, ಬಿಸಿ ಚೂರು ಪೇಂಟಿನ್ಯಾಗ ಹೂತು ಕೂಡತಾವ. ಹತ್ತಿರ ಯಾರೂ ಗ್ರೈಂಡರ್ ಹಚ್ಚದಂಗ ನೋಡ್ಕೊ.

ಲತಾ, 9:32
ಟೇಪ್ ಕೀಳೋದನ್ನೂ ಹೇಳಿಬಿಡ್ತೀನಿ. ತೂತಿನ ಅಂಚಿಂದ ಹೊರಕ್ಕೆ ಎಳೆದರೆ ಸಡಿಲಾದ ಕೋಟಿಂಗ್ ಅದರ ಜೊತೆ ಬರುತ್ತೆ. ತೂತಿಗೆ ಅಡ್ಡಲಾಗಿ ಟೇಪ್ ಎರಡು ಭಾಗ ಮಾಡಿ, ಹೊರಗಿಂದ ತೂತಿನ ಕಡೆಗೆ, ಟೇಪನ್ನ ಅದರ ಮೇಲೇ ಮಡಚಿ ನಿಧಾನ ಎಳೀರಿ. ಅರ ಹಾಕುವಾಗಲೂ ಅದೇ. ಹಾಫ್ ರೌಂಡ್ ಅರ, ಕೋಟಿಂಗ್ ಕಡೆಯಿಂದ ಒಳಕ್ಕೆ ಮಾತ್ರ ತಳ್ಳಿ. ವಾಪಸ್ ಎಳೆಯುವಾಗ ಎತ್ತಿಬಿಡಿ.

ರಾಘು, 9:36
ವರ್ನಿಯರ್ ಹಿಡಿದು ಸೆನ್ಸರ್ ಅಳೆದ್ಯಾ ಮಂಜು? ಕಿಟ್ ಡಬ್ಬಿ ಮೇಲಿನ 22 ನಂಬಬೇಡ. ಹೋಲ್ ಸಾ ಸ್ವಲ್ಪ ದೊಡ್ಡದಾಗೇ ಕಡಿಯುತ್ತೆ, ಎರಡು ಕೋಟ್ ಪ್ರೈಮರ್ ಸ್ವಲ್ಪ ಚಿಕ್ಕದು ಮಾಡುತ್ತೆ. ಒಂದು ತಗಡಿನ ಚೂರಿಗೆ ಹೊಡೆದು, ಪ್ರೈಮರ್ ಹಚ್ಚಿ, ಸೆನ್ಸರ್ ಕೂರಿಸಿ ನೋಡು. ಮೆಟಲ್ ಬಂಪರ್ ಅಂದಮೇಲೆ ಸೆನ್ಸರ್ ಸುತ್ತ ರಬ್ಬರ್ ಉಂಗುರ ಬೇಕೇ ಬೇಕು. ಇಲ್ಲದಿದ್ದರೆ ಸೆನ್ಸರ್‌ನ ಕಂಪನ ಪ್ಲೇಟಿಗೇ ಹೋಗಿ, ಹಿಂದೆ ಏನೂ ಇಲ್ಲದಿದ್ದರೂ ಕೂಗುತ್ತೆ. ಉಂಗುರ ಸೇರಿಸಿ ಅಳೆ.

ಮಂಜುನಾಥ, 9:41
ಸ್ಟೆಪ್ ಡ್ರಿಲ್ (ಮೆಟ್ಟಿಲು ಮೆಟ್ಟಿಲಾಗಿ ದಪ್ಪ ಆಗೋ ಬಿಟ್) ಇದೆ, 4ರಿಂದ 20. ಅದರಲ್ಲಿ ಆಗಲ್ವಾ?

ಬಸವರಾಜ, 9:43
20ಕ್ಕ ನಿಲ್ಲತೈತಿ ಅದು, 22 ಎಲ್ಲಿಂದ ಬರಬೇಕು? 4–32ರದ್ದು ಬೇಕು. ಟೇಲ್‌ಗೇಟ್, ರೂಫ್‌ನಂಥ ಮುಕ್ಕಾಲು ಮಿ.ಮೀ. ಶೀಟಿಗೆ ಸ್ಟೆಪ್ ಡ್ರಿಲ್ಲೇ ಛಲೋ, ಅಲ್ಲೆ ಹೋಲ್ ಸಾ ಕಚ್ಚಿ ಹರಿತೈತಿ. 3 ಮಿ.ಮೀ.ಗೆ ಹೋಲ್ ಸಾ ಅಥವಾ ರಾಘು ಪಂಚ್.

ಮಂಜುನಾಥ, 9:46
ಪ್ರೈಮರ್ ಯಾವುದು ಸಲೀಂ?

ಸಲೀಂ, 9:52
ಕಡಿದ ಅಂಚು ಬರೀ ಕಬ್ಬಿಣ. ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಎರಡು ಸಲ ಒರೆಸು, ಎರಡನೇ ಸಲ ಬಟ್ಟೆ ಬೆಳ್ಳಗೇ ಇರಬೇಕು. ಸಣ್ಣ ಬ್ರಶ್‌ನಲ್ಲಿ ಝಿಂಕ್ ರಿಚ್ ಅಥವಾ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್. ಅಂಚಿನ ದಪ್ಪಕ್ಕೆ, ಹಿಂದೆ ಮುಂದೆ ಒಂದೊಂದು ಮಿ.ಮೀ. ಮೇಲಕ್ಕೂ ಹತ್ತಲಿ. ಎರಡು ಕೋಟ್. ಸ್ಪ್ರೇ ಹೊಡೆದರೆ ಅಂಚಿಗೆ ನಿಲ್ಲಲ್ಲ, ಬ್ರಶ್ಶೇ. ಆಮೇಲೆ ಕಪ್ಪು ಟಚ್‌ಅಪ್. ಒಣಗದೆ ರಬ್ಬರ್ ಹಾಕಿದರೆ ಅದು ಪ್ರೈಮರನ್ನ ಕೆರೆದುಕೊಂಡು ಹೋಗುತ್ತೆ, ಡಬ್ಬಿ ಮೇಲೆ ಬರೆದಷ್ಟು ಹೊತ್ತು ಬಿಡಲೇಬೇಕು. ಹಾಗಾಗಿ ತೂತು, ಪ್ರೈಮರ್ ಶನಿವಾರ. ಸೆನ್ಸರ್ ಭಾನುವಾರ.

ಮಂಜುನಾಥ, 9:55
ಮುಂದಿನ ಕ್ರ್ಯಾಶ್ ಗಾರ್ಡಿಗೂ ಎರಡು ಹಾಕೋಣ ಅಂತಿದ್ದೆ.

ಸಲೀಂ, 9:57
ಕ್ರ್ಯಾಶ್ ಗಾರ್ಡೇ ಬಿಚ್ಚು. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೆಸರಿಸಿ, ಅವನ್ನ ತೆಗೆಸಿ ಅಂತ ರಾಜ್ಯಗಳಿಗೆ ಬರೆದಿದೆ. ನಡ್ಕೊಂಡು ಹೋಗೋರಿಗೂ ಗಾಡಿಯೊಳಗೆ ಕೂತೋರಿಗೂ ಅದರಿಂದ ಅಪಾಯ.

ಮಂಜುನಾಥ, 10:05
ಸರಿ. ಬಂಪರ್ ಒಳಗಡೆ ಅಳತೆ ಟೇಪ್ ಹಿಡಿದೆ. ಹಿಂದೆ 110 ಮಿ.ಮೀ. ಜಾಗ ಇದೆ, ಮುಖ ಸಪಾಟು. ನೆಲದಿಂದ ಗುರುತಿನವರೆಗೆ 58 ಸೆಂ.ಮೀ.

ರಾಘು, 10:08
ಎತ್ತರ ಸರಿಯಾಗಿದೆ. 110 ಇದ್ದರೆ ಪಂಚ್ ಹಿಡಿಸಬಹುದು, ಸಿಲಿಂಡರ್ ಉದ್ದ ನಾನು ಇವತ್ತು ಅಳೆದು ಹೇಳ್ತೀನಿ. ಹಿಡಿಸಿದರೆ ನಾಳೆ ಬೆಳಗ್ಗೆ ಸೆಟ್ ತಂದುಕೊಡ್ತೀನಿ, ಇಲ್ಲಾಂದ್ರೆ ಬಸವಣ್ಣ ಹೇಳಿದ ಬೈ-ಮೆಟಲ್. ಎರಡಕ್ಕೂ ಲತಾ ಅವರ ಗೆರೆ ಮೊದಲು ಹಾಕಿಟ್ಟಿರು. ಪಂಚ್ ಆದರೆ ತ್ರಿಜ್ಯ 11.5ಕ್ಕೆ ಇಡು, ತೂತು 22.5 ಬರುತ್ತೆ.

ಲತಾ, 10:10
ಸೆನ್ಸರ್ ಚಾಚಿನ ಅಳತೆ ನೋಡಿಕೊಂಡು ಇಡಿ ಮಂಜುನಾಥ್. ಅದು 24 ಇದ್ದರೆ ಗೆರೆ ಮುಚ್ಚುತ್ತೆ. 23 ಆಗಿದ್ದರೆ ಗೆರೆ ಹೊರಗೆ ಕಾಣುತ್ತೆ.

ಮಂಜುನಾಥ, 10:16
ವರ್ನಿಯರ್ ಹಿಡಿದೆ. ಚಾಚು 24.6. ರಬ್ಬರ್ ಸೇರಿಸಿ ಮೈ 22.3.

ರಾಘು, 10:17
ಹಾಗಾದ್ರೆ 22.5 ಪಂಚೇ ಸರಿ.

ಬಸವರಾಜ, 10:19
ಕಣ್ಣಿಗೆ ಗಾಗಲ್ ಹಾಕ್ಕೊ ತಮ್ಮಾ.